ವನಜಳ ಮೆಟ್ಟುಗತ್ತಿಯನ್ನು ಹಿಂದಿರುಗಿಸಿ

ನಮ್ಮ ಮೀನು ಮಾರುಕಟ್ಟೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಕಳೆದ ಅಕ್ಟೋಬರಿನಲ್ಲಿ, ಮಾನಸಿಕ ಆರೋಗ್ಯ ದಿನದ ದೀಪ ಬೆಳಗಿಸಿದ ವಾರದೊಳಗೆ, ಮೀನು ಮಾರುವ ವನಜಳ ಮೆಟ್ಟುಗತ್ತಿಯನ್ನು ನೀವು ಜೀಪಿಗೆ ಹಾಕಿಸಿಕೊಂಡು ಹೋದಿರಿ. 'ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ' ಎಂದಿರಿ. ಅಂದಿನಿಂದ ಅವಳು ಮೀನು ಮಾರಬಹುದು, ಕೊಯ್ಯುವಂತಿಲ್ಲ. ಕೊಯ್ದು ಕೊಡದವರ ಬಳಿ ಈ ಊರಿನಲ್ಲಿ ಯಾರು ಅಂಜಲಿನಂಥ ದೊಡ್ಡ ಮೀನು ಕೊಳ್ಳುತ್ತಾರೆ?

ಅವಳ ಅಪರಾಧವೇನು? ನಿಮ್ಮ ಮಾತನ್ನು ನಂಬಿದ್ದು. 'ಮಧುಮೇಹದಂತೆ ಇದೂ ಒಂದು ಕಾಯಿಲೆ, ಮುಚ್ಚಿಡಬೇಡಿ, ಮುಂದೆ ಬಂದು ಮಾತಾಡಿ' ಎಂದು ಆ ದಿನ ವೇದಿಕೆಯಿಂದ ಹೇಳಿದವರು ನೀವು. ಸಭೆಯಲ್ಲಿ ಎದ್ದು ನಿಂತವಳು ವನಜ ಒಬ್ಬಳೇ. ಇಲ್ಲದ ದನಿಗಳು ಕೇಳುತ್ತಿದ್ದ ಕಾಲವನ್ನೂ, ಸರ್ಕಾರಿ ಆಸ್ಪತ್ರೆಯ ಮಾತ್ರೆಯಿಂದ ಅವು ಅಡಗಿದ್ದನ್ನೂ, ಮಾರುಕಟ್ಟೆಯಲ್ಲಿ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಮತ್ತೆ ಕೂತು ಮಗಳನ್ನು ಓದಿಸುತ್ತಿರುವುದನ್ನೂ ಹೇಳಿದಳು. ನೀವು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡಿರಿ. ಆ ಫೋಟೊ ವಾಟ್ಸಾಪಿನಲ್ಲಿ ಓಡಾಡಿತು. ಅದನ್ನು ನೋಡಿಯೇ ಯಾರೋ 'ಹುಚ್ಚಿಯ ಕೈಯಲ್ಲಿ ಕತ್ತಿ' ಎಂದು ದೂರಿತ್ತರು, ನೀವು ಓಡೋಡಿ ಬಂದಿರಿ.

ಮೆಟ್ಟುಗತ್ತಿಯನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಅಲಗು ಹಲಗೆಗೆ ಕಚ್ಚಿಕೊಂಡಿರುತ್ತದೆ, ಹಲಗೆಯನ್ನು ಕಾಲಲ್ಲಿ ಮೆಟ್ಟಿ ಕೂರುತ್ತಾರೆ. ಮೀನು ಅದರ ಬಳಿ ಹೋಗಬೇಕೇ ಹೊರತು ಅದು ಎದ್ದು ಯಾರ ಬಳಿಗೂ ಬರುವುದಿಲ್ಲ. ಕರಾವಳಿಯ ಅಧಿಕಾರಿಯೊಬ್ಬರಿಗೆ ಇದನ್ನು ವಿವರಿಸಬೇಕಾಗಿ ಬಂದಿದೆ! ಜೀಪು ಹೊರಟಾಗ ಪಕ್ಕದ ಗುಲಾಬಿ ಕೂಗಿದ್ದು ನಿಮಗೂ ಕೇಳಿಸಿರಬೇಕು: "ಹ್ವಾಯ್ ಸಾಯ್ಬ್ರೇ, ನನ್ ಕತ್ತಿಯೂ ತಕಂಡ್ ಹೋಯ್ನಿ! ಗಂಡ ಕುಡ್ಕಂಡ್ ಬಂದ್ರೆ ನಂಗೂ ತಲಿ ಕೆಡತ್ತ್!" ಮಾರುಕಟ್ಟೆಯೆಲ್ಲ ನಕ್ಕಿತು. ವನಜ ನಗಲಿಲ್ಲ.

ನನ್ನ ಬಾಲ್ಯದಲ್ಲಿ ಕ್ಷಯ ಬಂದವರ ಲೋಟವನ್ನು ಹೋಟೆಲಿನವರು ಹಿತ್ತಿಲ ಗೂಡಿನಲ್ಲಿ ಬೇರೆ ಇಡುತ್ತಿದ್ದರು. ಅವರಿಗೆ ತಿಳಿವಳಿಕೆ ಇರಲಿಲ್ಲ, ಭಯವಿತ್ತು. ನಿಮಗೆ ಪದವಿಯಿದೆ, ಇಲಾಖೆ ಬರೆದುಕೊಟ್ಟ ಭಾಷಣವೂ ಇದೆ. ಆದರೂ ಆ ಗೂಡು ಖಾಲಿಯಾಗಿಲ್ಲ.

ಮೊನ್ನೆ ಬಂಗಡೆ ಕೊಳ್ಳಲು ಹೋದಾಗ ವನಜ ಕೇಳಿದಳು: "ಅಮ್ಮ, ನಾನ್ ಮಾತ್ರೆ ಬಿಟ್ಟೆ ಅಂದ್ರೆ ಕತ್ತಿ ವಾಪಸ್ ಕೊಡ್ತ್ರಾ? ಮುಚ್ಚಿಟ್ಕಂಡಿದ್ರೆ ಎಂತದೂ ಆತಿರ್ಲಿಲ್ಲ ಕಾಣಿ." ಪಕ್ಕದಲ್ಲೇ ಕೂರುವ ಸೀತು, ಮೀನು ಹಿಡಿಯಲು ದೋಣಿಯಲ್ಲಿ ಹೋಗುವ, ಇದೇ ಕಾಯಿಲೆಯ ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನೇ ನಿಲ್ಲಿಸಿದ್ದಾಳೆ. "ನಾಳಿಕ್ ಅವ್ನಿಗೆ ದೋಣಿ ಹತ್ತುಕಾಗ ಅಂದ್ರೆ ಎಂತ ಮಾಡುದ್?" ಎನ್ನುತ್ತಾಳೆ; ದೋಣಿಗೂ ತಡೆ ಬಿದ್ದೀತೆಂಬ ಭಯ ಅವಳದು. ಅವಳಿಗೆ ಏನೆಂದು ಸಮಾಧಾನ ಹೇಳಲಿ? ನಿಮ್ಮ ಭಾಷಣದ ಯಾವ ಸಾಲನ್ನು ಓದಿ ಹೇಳಲಿ?

ಕತ್ತಿಯನ್ನು ಕಚೇರಿಯ ಹಿಂಬಾಗಿಲಿನಿಂದ ಯಾರದೋ ಕೈಯಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಅದೇ ಸಭಾಭವನಕ್ಕೆ ಬನ್ನಿ, ಅದೇ ಮೈಕು ಹಿಡಿಯಿರಿ, ವನಜಳ ಕೈಗೇ ಅದನ್ನು ಕೊಡಿ. ಮಾತಾಡಿ ಎಂದು ಕರೆದದ್ದು ತಪ್ಪೋ, ಮಾತಾಡಿದವಳ ಕತ್ತಿ ಕಿತ್ತುಕೊಂಡದ್ದು ತಪ್ಪೋ? ಅಲ್ಲೇ, ಎಲ್ಲರೂ ಕೇಳುವಂತೆ ಉತ್ತರಿಸಿ.

ಇಂತಿ,
ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗಿಯೂ ಅಡುಗೆಮನೆಯ ಕತ್ತಿ ಉಳಿಸಿಕೊಂಡಿರುವ
ಸ್ವರ್ಣಲತಾ, ಸಾಸ್ತಾನ