ಎಡೆಗೆ ಬಾಟ್ಲಿ ತರಬೇಡಿ

ವಿದ್ಯಾರಣ್ಯಪುರಂ,
ಭಾನುವಾರ

ವಸಂತಣ್ಣ,

ನಾಳೆ ನಮ್ಮನೆಯವರ ತಿಥಿ. ಎಡೆಗಿಡೋಕೆ ಅವರಿಗಿಷ್ಟವಾದ ಬ್ರಾಂದಿ ತರ್ತೀನಿ ಅಂತ ಅತ್ತೆ ಹತ್ರ ಹೇಳಿದ್ರಂತೆ. ತಂದ್ರೆ ಬಾಗಿಲಲ್ಲೇ ಒಡೆದುಹಾಕ್ತೀನಿ.

ನೀವಿಬ್ರೂ ಲಡಾಖಿನಲ್ಲಿ ವಿಮಾನ ಇಳಿದಾಗಲೇ ಅಲ್ಲಿನ ಡಾಕ್ಟ್ರು ಹೇಳಿರಲಿಲ್ವಾ, ಇಷ್ಟು ಎತ್ತರದಲ್ಲಿ ಬಂದ ದಿನವೇ ಕುಡಿದ್ರೆ ಉಸಿರಿಗೆ ಕಷ್ಟ ಅಂತ? "ಚಳಿಗೆ ಇದೇ ಔಷಧಿ ಕಣೋ" ಅಂತ ಕುಡಿಸಿದ್ರಿ. ತಲೆ ಸಿಡೀತಿದೆ, ಉಸಿರಾಡೋಕಾಗ್ತಿಲ್ಲ, ಆಸ್ಪತ್ರೆಗೆ ಕರ್ಕೊಂಡೋಗು ಅಂತ ಅವರು ಗೋಗರೆದ್ರೆ ಇನ್ನೊಂದು ಪೆಗ್ ಹಾಕಿ ಮಲಗಿಸಿದ್ರಿ. ಅವರು ನಂಗೆ ಮಾಡಿದ್ದ ಫೋನು ಕಟ್ಟಾಗಿರಲಿಲ್ಲ, ಎಲ್ಲ ಕೇಳಿಸ್ತಿತ್ತು. ಬೆಳಿಗ್ಗೆ ಅವರು ಏಳಲೇ ಇಲ್ಲ.

ಬಂದವರ ಮುಂದೆ ಹಣೆಬರಹ ಅಂತ ಮಾತ್ರ ಅನ್ಬೇಡಿ.

ಆಸ್ಪತ್ರೆ ಬಿಡಿ, ಅವರು ನಿಮ್ಮ ಹತ್ರ ಕೊನೇಲಿ ಕೇಳಿದ್ದು ಬರೀ ನೀರು; ಅದನ್ನೂ ಕೊಡಲಿಲ್ಲ. ನಾಳೆ ಬರಿಗೈಲಿ ಬನ್ನಿ. ಫೋಟೋ ಮುಂದೆ ಒಂದು ಚೊಂಬು ನೀರು ನಿಮ್ಮ ಕೈಯಾರೆ ಇಡಿ.

ಅನುಪಮಾ