ಪಿಂಗಾಣಿ ಕಪ್ಪುಗಳನ್ನು ಕಪಾಟಿನಿಂದ ಇಳಿಸಿ

ನಗರ ಸ್ವಚ್ಛತಾ ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯವರು ಕಾಫಿ ಕುಡಿದು ಎಸೆಯುವ ಕಾಗದದ ಲೋಟಗಳು ನನ್ನ ಅಕ್ಕನ ಜೀವಕ್ಕೆ ಕುತ್ತು ತಂದಿವೆ. ಖುದ್ದಾಗಿ ಹೇಳಿಯಾಯಿತು, ಅರ್ಜಿ ಕೊಟ್ಟಾಯಿತು. ಈಗ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ. ಇದರಿಂದ ಏನಾದರೂ ಆದೀತೆಂಬ ನಂಬಿಕೆ ನನಗೂ ಅಷ್ಟಕ್ಕಷ್ಟೇ.

ನಾನು ನಿಮ್ಮ ಕಚೇರಿಯ ಎದುರು ಕನ್ನಡಕ ರಿಪೇರಿ ಮಾಡುವವನು. ನನ್ನ ಅಕ್ಕ ಹತ್ತೊಂಬತ್ತು ವರ್ಷ ನಿಮ್ಮ ಕ್ಯಾಂಟೀನಿನಲ್ಲಿ ಪಿಂಗಾಣಿ ಕಪ್ಪು ತೊಳೆದವಳು. ನಿಮ್ಮವರೇ ಅವಳನ್ನು ‘ಕಪ್ಪಕ್ಕ’ ಎನ್ನುತ್ತಿದ್ದರು. ಮೈಬಣ್ಣಕ್ಕೂ ಆ ಹೆಸರಿಗೂ ಸಂಬಂಧವಿಲ್ಲವೆಂದು ಹೊಸಬರಿಗೆ ಅವಳೇ ನಗುತ್ತ ವಿವರಿಸುತ್ತಿದ್ದಳು. ಎರಡು ವರ್ಷದ ಹಿಂದೆ ಶುಚಿತ್ವದ ಹೆಸರಿನಲ್ಲಿ ಆದೇಶ ಹೊರಟಿತು: ಇನ್ನು ಮುಂದೆ ಬಳಸಿ ಬಿಸಾಡುವ ಲೋಟಗಳೇ. ಬಿಸಿನೀರು, ಸೋಪು ಹಾಕಿ ಉಜ್ಜಿದ ಕಪ್ಪು ರಾತ್ರೋರಾತ್ರಿ ಕೊಳಕಾಯಿತಲ್ಲ, ಅದೆಂಥ ವಿಜ್ಞಾನವೋ! ಕಪ್ಪುಗಳು ಕಪಾಟು ಸೇರಿದವು. ಅಕ್ಕನನ್ನು ಕಸ ಬೇರ್ಪಡಿಸುವ ಶೆಡ್ಡಿಗೆ ಕಳಿಸಿದಿರಿ. ಅವಳ ಹಿಂದೆಯೇ ಲೋಟಗಳೂ ಬಂದವು.

ಅವುಗಳನ್ನು ಯಾವ ರಾಶಿಗೆ ಹಾಕಬೇಕು, ಸ್ವಾಮಿ? ಕಾಗದ ಒಯ್ಯುವವನು “ಒಳಗಡೆ ಪ್ಲಾಸ್ಟಿಕ್ ಪದರ ಇದೆ, ಬೇಡ” ಎನ್ನುತ್ತಾನೆ. ಪ್ಲಾಸ್ಟಿಕ್ಕಿನವನು “ಇದು ಕಾಗದ ಕಣಮ್ಮ” ಎನ್ನುತ್ತಾನೆ. ಯಾರಿಗೂ ಬೇಡದ ಆ ರಾಶಿ ತಗಡಿನ ಮಾಡು ಮುಟ್ಟುವಷ್ಟು ಬೆಳೆದಿದೆ. ಲೋಟಗಳಲ್ಲಿ ಉಳಿದ ಸಿಹಿಗೆ ಕಣಜದ ಹುಳುಗಳು ಮುತ್ತುತ್ತವೆ. ಕಳೆದ ತಿಂಗಳು ಅವು ಅಕ್ಕನ ಕತ್ತಿಗೆ, ಕಣ್ಣಿನ ರೆಪ್ಪೆಗೆ ಕಚ್ಚಿದವು. ಮುಖ ಊದಿಕೊಂಡು, ಉಸಿರು ಸಿಕ್ಕಿಕೊಂಡು, ಎರಡು ದಿನ ಆಸ್ಪತ್ರೆಯಲ್ಲಿದ್ದಳು. “ಇನ್ನೊಂದ್ಸಲ ಕಚ್ಚಿದ್ರೆ ನಾನೇನೂ ಹೇಳಕ್ಕಾಗಲ್ಲ” ಎಂದರು ಡಾಕ್ಟರಮ್ಮ.

ಅವಳನ್ನು ಮತ್ತೆ ಕಪ್ಪು ತೊಳೆಯಲು ಹಾಕಿಕೊಳ್ಳಿ ಎಂದು ಕೇಳಲು ನಿಮ್ಮಲ್ಲಿಗೆ ಬಂದೆ. ಬಾಗಿಲಲ್ಲೇ ಜವಾನರೊಬ್ಬರು ತಡೆದರು.

“ಸಾಹೇಬ್ರು ಮೀಟಿಂಗಲ್ಲಿದಾರೆ.”

“ಏನು ಮೀಟಿಂಗು?”

“ಪೇಪರ್ ಲೋಟ ಕಡಿಮೆ ಮಾಡೋದು ಹೇಗೆ ಅಂತ.”

ಅಷ್ಟರಲ್ಲಿ ಒಳಗಿನಿಂದ ದೊಡ್ಡ ತಟ್ಟೆಯೊಂದು ಹೊರಬಂತು. ಅದರ ತುಂಬ ಅರ್ಧರ್ಧ ಕುಡಿದಿಟ್ಟ ಪೇಪರ್ ಲೋಟಗಳು. ಜವಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ನಗು ಬರಲಿಲ್ಲ.

ನೀವು ಕೆಟ್ಟವರೆಂದು ಹೇಳಲಾರೆ. ಹೊರಬಂದು, ನನ್ನನ್ನು ಕೂರಿಸಿ ಮಾತಾಡಿಸಿದಿರಿ. “ನಿಮ್ಮಕ್ಕನ ವಿಷಯ ಕೇಳಿ ಬೇಜಾರಾಯ್ತು. ಸಮಿತಿ ಮಾಡಿದೀವಿ, ನೋಡೋಣ. ಮೊದ್ಲು ಕಾಫಿ ಕುಡೀರಿ” ಎಂದಿರಿ. ಅದೇ ಲೋಟದಲ್ಲಿ ಬಂತು. ಬೇಡವೆನ್ನಬೇಕಿತ್ತು. ಕೈಚಾಚಿ ಬಂದವನು ಬೇಡವೆನ್ನುವುದು ಹೇಗೆ? ಕುಡಿದೆ. ಖಾಲಿ ಲೋಟವನ್ನು ನಿಮ್ಮ ಬುಟ್ಟಿಗೆ ಹಾಕಲು ಕೈ ಬಾರದೆ ಮನೆಗೆ ತಂದೆ. ಅಕ್ಕ ಅದನ್ನು ನೋಡಿ, “ಅಲ್ಲೇ ಹಾಕಿ ಬರೋದಲ್ವೇನೋ? ಹೇಗಿದ್ರೂ ನಾಳೆ ನನ್ ಹತ್ರಾನೇ ಬರ್ತಿತ್ತು” ಎಂದಳು.

ಮಾರನೆಯ ಬೆಳಿಗ್ಗೆ ನನ್ನ ಹೆಂಡತಿಯ ಹಳೇ ವೇಲನ್ನು ಮುಖಕ್ಕೆ ಸುತ್ತಿಕೊಂಡು ಅದೇ ಶೆಡ್ಡಿಗೆ ಹೋದಳು. ನಾನು ತಡೆಯಲಿಲ್ಲ. ತಡೆದು ಬೇರೆ ಯಾವ ಕೆಲಸ ಕೊಡಿಸಲಿ? ಈಗ ಪ್ರತಿದಿನ ಸಂಜೆ ಅವಳು ನನ್ನ ಅಂಗಡಿ ಬಾಗಿಲಿಗೆ ಬಂದು ವೇಲು ಬಿಚ್ಚುವ ತನಕ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ದಾರಿ ನೋಡುತ್ತ ಕೂರುತ್ತೇನೆ.

ಆದ್ದರಿಂದ ಒತ್ತಾಯಿಸುತ್ತೇನೆ: ಪಿಂಗಾಣಿ ಕಪ್ಪುಗಳನ್ನು ಕಪಾಟಿನಿಂದ ಇಳಿಸಿ, ತೊಳೆಯಲು ಅಕ್ಕನನ್ನು ಕರೆಸಿ. ಸಮಿತಿ ಒಪ್ಪದಿದ್ದರೆ ನಿಮ್ಮೊಬ್ಬರ ಮೇಜಿನ ಮೇಲಾದರೂ ಒಂದು ಕಪ್ಪು ಇರಲಿ. ಅದೂ ಆಗದಿದ್ದರೆ, ಇದು ಒತ್ತಾಯವಲ್ಲ, ಕೈಮುಗಿದು ಕೇಳುತ್ತಿದ್ದೇನೆ: ಎಸೆಯುವ ಮುನ್ನ ಕಾಫಿಯನ್ನು ಪೂರ್ತಿ ಕುಡಿದು ಮುಗಿಸಿ. ತಳದಲ್ಲಿ ಒಂದು ಗುಟುಕೂ ಬಿಡಬೇಡಿ.

ಇಂತಿ,
ಜಗಳವಾಡಬೇಕಿದ್ದಲ್ಲಿ ಥ್ಯಾಂಕ್ಸ್ ಹೇಳಿ ಬಂದ
ಕಪ್ಪಕ್ಕನ ತಮ್ಮ