ತಟ್ಟೆಯಲ್ಲಿ ಬಿಚ್ಚಿಕೊಂಡ ಸಂಜೀವಿನಿ

ಜೂನ್ ೧೪, ಶನಿವಾರ

ನನ್ನ ವಾರಗಿತ್ತಿ ಪುಟ್ಟಲಕ್ಷ್ಮಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟುಬಿಡುತ್ತಾಳೆಂಬ ಭಯ ಇವತ್ತು ಕಳೆಯಿತು. ಹಾಸನದ ಬೀದಿಯಲ್ಲಿ ಸಂಜೀವಿನಿ ಎಂದು ಮಾರುತ್ತಿದ್ದ ಒಣ ಗಿಡದ ಉಂಡೆಯನ್ನು ತಂದು, ಆಂಜನೇಯನ ಪಟದ ಮುಂದೆ ನೀರಿನ ತಟ್ಟೆಯಲ್ಲಿಟ್ಟಿದ್ದಳು. ಬೆಳಿಗ್ಗೆ ಅದು ಹಸಿರಾಗಿ ಬಿಚ್ಚಿಕೊಂಡಿತ್ತು. ನಾನೂ ಕೈಮುಗಿದೆ.

“ಸತ್ತಿದ್ದೇ ಎದ್ದೈತೆ ಕಣಕ್ಕ! ಇದರ ಕಷಾಯ ಕುಡುದ್ರೆ ಮಾತ್ರೆ ಯಾಕೆ?” ಅಂದಳು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನ ತಮ್ಮನ ಮಗಳು ಧನ್ಯಾಳನ್ನು ಕರೆಸಿದೆ.

“ಸತ್ತಿರ್ಲಿಲ್ಲ ಅತ್ತೆ, ನೀರಿಲ್ದೆ ಮುದುರ್ಕೊಂಡಿತ್ತು. ಬಂಡೆ ಮೇಲೆ ಬೆಳೆಯೋ ಗಿಡ, ಅದರ ಗುಣವೇ ಅಂಗೆ” ಅಂದಳು ಅವಳು.

“ಅಂಗಾರೆ ಅಸಲಿ ಸಂಜೀವಿನಿ ಯಾವ್ದು, ಹೇಳಿ ಮೇಡಮ್ಮೋರೆ?” ಪುಟ್ಟಲಕ್ಷ್ಮಿ ಕೆಣಕಿದಳು.

“ನಂಗೊತ್ತಿಲ್ಲ. ಒಬ್ಬೊಬ್ರು ಒಂದೊಂದು ಗಿಡ ತೋರಿಸ್ತಾರೆ. ಆಂಜನೇಯಂಗೂ ಗುರ್ತು ಸಿಗದೆ ತಾನೆ ಬೆಟ್ಟಾನೇ ಹೊತ್ಕೊಂಡು ಬಂದಿದ್ದು? ಕೈಗೆ ಸಿಕ್ಕಿದ್ದನ್ನ ಕಿತ್ಕೊಂಡು ಬಂದು ಲಕ್ಷ್ಮಣಂಗೆ ಕುಡಿಸಿದ್ನಾ? ನೀವ್ಯಾಕೆ ಕುಡೀತೀರಿ?”

ಪುಟ್ಟಲಕ್ಷ್ಮಿ ನಕ್ಕು, ಮಾತ್ರೆ ತರಲು ಒಳಗೆ ಹೋದಳು.

ಅಷ್ಟು ಓದಿದ ಹುಡುಗಿ ಗೊತ್ತಿಲ್ಲ ಎನ್ನಲು ಒಂದಿಷ್ಟೂ ಅಳುಕಲಿಲ್ಲ. ಸ್ವಾಮಿ ಬೆಟ್ಟ ಎತ್ತಿದ ಬಲಕ್ಕೇ ಇಷ್ಟು ದಿನ ಕೈಮುಗಿದಿದ್ದೆ. ಗಿಡ ಯಾವುದೆಂದು ತಿಳಿಯದೆ ಅವನೂ ಅಲ್ಲಿ ಒಂದು ಗಳಿಗೆ ನಿಂತಿದ್ದನಲ್ಲ, ಅದನ್ನು ನೆನೆದರೆ ಅವನು ಇನ್ನೂ ದೊಡ್ಡವನಾಗಿ ಕಾಣುತ್ತಾನೆ.